ಹೆಬ್ಬಾಗಿಲ ಕಾವಲು, ಒಳಕೋಣೆಯ ಅಗುಳಿ

ವಿರಾಜಪೇಟೆಯ ಆಸುಪಾಸಿನ ಯಾವುದಾದರೊಂದು ಕೊಡವ ಕುಟುಂಬದ ಹಳೆಯ ಐನ್‌ಮನೆಗೆ ಹೋದವರು, ಓಣಿಯನ್ನು ದಾಟಿ, ಜಗಲಿಯಾದ ಕಯ್ಯಾಲೆಯನ್ನೇರಿ, ಐಮರದ ಹಲಗೆಯ ಮೇಲೆ ಕುಳಿತು ಕಾಫಿ ಕುಡಿಯುವಷ್ಟು ಸಲಿಗೆಯನ್ನು ಮೊದಲ ಭೇಟಿಯಲ್ಲಿಯೇ ಪಡೆಯಬಹುದಾದರೂ, ನಡುಮನೆಯಾದ ನೆಲ್ಲಕ್ಕಿ ನಡುಬಾಡೆಯ ದೀಪದ ಬಳಿಗಾಗಲಿ, ಗತಿಸಿದ ಹಿರಿಯರಾದ ಕಾರಣವರಿಗೆ ಎಡೆಯಿಡುವ ಕನ್ನಿಕೊಂಬರೆಗಾಗಲಿ ಅದೇ ಸಲಿಗೆಯಿಂದ ನಡೆದುಬಿಡಲಾರರು. ಓಣಿಯನ್ನು ದಾಟಿ ಬಂದ ಮಾತ್ರಕ್ಕೆ ಮನೆಯೆಲ್ಲವೂ ತೆರೆದಿರುವುದಿಲ್ಲ. ಒಂದೊಂದು ಹೊಸ್ತಿಲೂ ಮತ್ತೊಮ್ಮೆ ವಿಚಾರಿಸುತ್ತದೆ. ನಮ್ಮ ಕಾಲದ ಸರ್ವರ್‌ಗಳನ್ನು ಕಟ್ಟಿದವರು ಪದೇ ಪದೇ ಮರೆಯುತ್ತಿರುವುದು ಈ ಎರಡನೆಯ ವಿಚಾರಣೆಯನ್ನು.

ಲಾಗಿನ್ ಎಂಬುದು ‘ನೀನು ಯಾರು’ ಎಂದು ಕೇಳುವ ಹೆಬ್ಬಾಗಿಲು. ‘ಈ ಕಡತವು ನಿನಗೆ ಸಲ್ಲತಕ್ಕದ್ದೇ’ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ಕೇಳದೆ ಬಿಟ್ಟ ಜಾಲತಾಣದಲ್ಲಿ, ವಿಳಾಸದ ಕೊನೆಯ ಅಂಕಿಯೊಂದನ್ನು ಬದಲಿಸಿದರೆ ಸಾಕು, ನೆರೆಯವನ ಕಾಗದವು ಕಣ್ಣೆದುರು ಬಂದು ನಿಲ್ಲುತ್ತದೆ. ಅಮೆರಿಕದಲ್ಲಿ ಆಸ್ತಿಯ ಹಕ್ಕಿಗೆ ವಿಮೆ ನೀಡುವ ಫಸ್ಟ್ ಅಮೆರಿಕನ್ ಸಂಸ್ಥೆಯ ಸುಮಾರು 88.5 ಕೋಟಿ ದಾಖಲೆಗಳು ಇಷ್ಟೇ ಶ್ರಮಕ್ಕೆ ಯಾರಿಗಾದರೂ ದೊರೆಯುವಂತಿದ್ದುದು 2019ರ ಮೇ ತಿಂಗಳಲ್ಲಿ ಬಯಲಾಯಿತು. ಅಲ್ಲಿ ಹೆಬ್ಬಾಗಿಲೂ ಇರಲಿಲ್ಲವೆನ್ನಿ. ಜಾಲತಾಣಗಳ ದೌರ್ಬಲ್ಯಗಳನ್ನು ಪಟ್ಟಿಮಾಡುವ ಓವಾಸ್ಪ್ ಸಂಸ್ಥೆಯು 2017ರಲ್ಲಿ ಐದನೆಯದಾಗಿ ಎಣಿಸಿದ್ದ ಈ ದೋಷವನ್ನು 2021ರಲ್ಲಿ ಮೊದಲನೆಯದಾಗಿ ಎಣಿಸಿತು.

ನಮ್ಮ ರಾಜ್ಯದಲ್ಲಿ ಇದರ ದಾಯಾದಿಯೊಂದು ಇನ್ನೂ ವಿಚಿತ್ರವಾದ ವೇಷದಲ್ಲಿ ಕಾಣಿಸಿಕೊಂಡಿತು. 2023ರಲ್ಲಿ ಮಂಗಳೂರಿನ ಸುತ್ತಮುತ್ತ, ಆಸ್ತಿ ನೋಂದಣಿಗೆಂದು ಉಪನೋಂದಣಿ ಕಚೇರಿಗೆ ಹೋಗಿಬಂದಿದ್ದ ಅನೇಕರ ಖಾತೆಗಳಿಂದ, ಒಟಿಪಿಯ ಸುಳಿವೂ ಇಲ್ಲದೆ, ಹಣವು ಕರಗತೊಡಗಿತು. ಬಿಹಾರದ ಮೂವರನ್ನು ಬಂಧಿಸಿದ ಪೊಲೀಸರ ಹೇಳಿಕೆಯಂತೆ, ಆರೋಪಿಗಳು ನೋಂದಣಿ ಇಲಾಖೆಯ ಕಾವೇರಿ 2.0 ತಾಣದಿಂದ ಕ್ರಯಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿದ್ದ ಆಧಾರ್ ಸಂಖ್ಯೆಯನ್ನೂ ಬೆರಳಚ್ಚನ್ನೂ ಎತ್ತಿ, ನಕಲಿ ಅಚ್ಚಿನಿಂದ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆದಿದ್ದರು. ಆ ವ್ಯವಸ್ಥೆಯು ಕೇಳುವುದು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಒಂದು ಬೆರಳು, ಇಷ್ಟೇ.

ಇದನ್ನು ಕಳ್ಳರ ಜಾಣತನವೆಂದು ಹೇಳಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪಲಾರೆ. 1908ರ ನೋಂದಣಿ ಕಾಯಿದೆಯ 57ನೆಯ ಕಲಮು, ಸ್ಥಿರಾಸ್ತಿಯ ನೋಂದಣಿ ಪುಸ್ತಕವನ್ನು ಶುಲ್ಕ ತೆತ್ತ ಯಾರಿಗಾದರೂ ತೋರಿಸಲು ಹೇಳುತ್ತದೆ. 2001ರ ತಿದ್ದುಪಡಿಯಿಂದ ಸೇರಿದ 32ಎ ಕಲಮು, ವಂಚನೆಯನ್ನು ತಡೆಯಲೆಂದೇ ಭಾವಚಿತ್ರವನ್ನೂ ಬೆರಳಚ್ಚನ್ನೂ ವಿಧಿಸುತ್ತದೆ. ಎರಡೂ ಸದುದ್ದೇಶದವೇ. ಕಾಗದದ ಕಾಲದಲ್ಲಿ ಅರ್ಜಿ, ಸಾಲು, ನಾಳೆ ಬನ್ನಿರೆನ್ನುವ ಗುಮಾಸ್ತ, ಇವೆಲ್ಲವೂ ತಾವು ಕಾವಲುಗಾರರೆಂಬುದನ್ನು ತಾವೇ ಅರಿಯದೆ ಕಾವಲು ಕಾಯುತ್ತಿದ್ದುವು. (ಗುಮಾಸ್ತರ ಉದಾಸೀನವನ್ನು ಹೊಗಳುವ ದಿನ ಬಂದೀತೆಂದು ನಾನು ಎಣಿಸಿರಲಿಲ್ಲ.) ಸರ್ವರ್ ಆ ಅಡಚಣೆಯನ್ನು ತೆಗೆದುಹಾಕಿತು, ಅದರ ಸ್ಥಾನದಲ್ಲಿ ವಿವೇಕವನ್ನು ಮಾತ್ರ ಇರಿಸಲಿಲ್ಲ. ಪತ್ರವನ್ನು ಓದುವ ಹಕ್ಕು ಬೇರೆ, ಅದರ ಮೇಲಿನ ಬೆರಳನ್ನು ಒಯ್ಯುವ ಹಕ್ಕು ಬೇರೆ ಎಂಬುದನ್ನು ಯಂತ್ರಕ್ಕೆ ಕಲಿಸಬಹುದಾಗಿತ್ತು. ಸಂಬಂಧವಿಲ್ಲದ ಊರುಗಳ ಪತ್ರಗಳನ್ನು ರಾಶಿರಾಶಿಯಾಗಿ ಇಳಿಸುವವನನ್ನು ತಡೆದು ಪ್ರಶ್ನಿಸುವಂತೆಯೂ ಮಾಡಬಹುದಾಗಿತ್ತು. ವಂಶಪಾರಂಪರ್ಯದ ಜಮ್ಮಾ ಭೂಮಿಯ ನಮ್ಮ ಕೊಡಗು ಜಿಲ್ಲೆಯಲ್ಲಂತೂ ಒಂದೇ ಪಹಣಿಯಲ್ಲಿ ಒಂದು ಒಕ್ಕದ, ಎಂದರೆ ಕುಲದ, ಹತ್ತಾರು ಮಂದಿಯ ಹೆಸರುಗಳಿರುತ್ತವೆಯಾದುದರಿಂದ, ಒಂದು ಅಗುಳಿ ಸಡಿಲವಾದರೆ ಇಡೀ ಕುಟುಂಬವೇ ಬಯಲಿಗೆ ಬೀಳುತ್ತದೆ. ಆದುದರಿಂದ ಇಂತಹ ತಾಣಗಳನ್ನು, ಕಟ್ಟಿದವರಿಂದಲ್ಲದೆ ಹೊರಗಿನ ಪರೀಕ್ಷಕರಿಂದ, ಬೀಗಗಳಿಗಿಂತ ಹೆಚ್ಚಾಗಿ ಒಳಬಾಗಿಲುಗಳನ್ನು ತಟ್ಟಿ ನೋಡುವಂತೆ ಪರೀಕ್ಷೆ ಮಾಡಿಸಿ, ಕಂಡುಬಂದ ದೋಷಗಳನ್ನು ಸರಿಪಡಿಸಿದ ಮೇಲೆ ಆ ವರದಿಯನ್ನು ಸರಕಾರವು ಪ್ರಕಟಿಸತಕ್ಕದ್ದು. ಲೋಪವನ್ನು ಕಂಡು ತಿಳಿಸಲು ಬಂದವನನ್ನು ಕಳ್ಳನಂತೆ ನೋಡುವ ಅಭ್ಯಾಸವೂ ಹೋಗಬೇಕು.

ಬೆರಳಚ್ಚನ್ನು ಮರೆಮಾಚುವ ಕ್ರಮವೇನೋ ಅನಂತರ ಬಂದಿತು. ಆದರೆ ಆ ಮೊದಲೇ ಇಳಿಸಿಕೊಂಡು ಹೋದ ಪ್ರತಿಗಳಿಗೆ ಅದು ತಟ್ಟದು. ಪಾಸ್‌ವರ್ಡನ್ನು ಬದಲಿಸಬಹುದು, ಬೆರಳನ್ನು ಬದಲಿಸುವಂತಿಲ್ಲ. ಮಗಳಿಗೆ ನಿವೇಶನವೊಂದನ್ನು ದಾನಪತ್ರ ಮಾಡಿಕೊಟ್ಟಿದ್ದ ನೆರೆಮನೆಯ ಹಿರಿಯರಿಗೆ, ಆಧಾರ್‌ನ ಬಯೋಮೆಟ್ರಿಕ್‌ಗೆ ಬೀಗ ಹಾಕಿಬಿಡಿರೆಂದು ನಾನು ಸಲಹೆಯಿತ್ತಾಗ ಅವರು, “ಅಲ್ಲ ಮಾರಾಯರೇ, ಬೀಗ ಹಾಕಿದರೆ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಕೊಡುತ್ತಾರಾ?” ಎಂದು ಕೇಳಿದರು. ಬೆರಳಿಡುವ ಮುನ್ನ ಮೊಬೈಲಿನಲ್ಲಿ ಬೀಗ ತೆಗೆಯಬೇಕೆಂದು ವಿವರಿಸಿದೆ. ಅವರು ತಮ್ಮ ಗುಡ್ಡದ ಕಡೆಗೊಮ್ಮೆ, ಕೈಯಲ್ಲಿದ್ದ ಮೊಬೈಲಿನ ಕಡೆಗೊಮ್ಮೆ ನೋಡಿದರು. ಮಳೆಗಾಲ ಹಿಡಿದಂದಿನಿಂದ ಅಲ್ಲಿ ನೆಟ್‌ವರ್ಕ್ ಇರಲಿಲ್ಲ.