ಮೈದುಂಬಿದ ಮರಿ, ಈಯಬೇಕಾದ ತಾಯಿ

ಸ್ನಾಯುಗಳ ಬೆಳವಣಿಗೆಗೆ ಕಡಿವಾಣ ಹಾಕುವ ಮಯೊಸ್ಟಾಟಿನ್ ಎಂಬ ವಂಶವಾಹಿಯನ್ನು ತಿದ್ದಿ, ಭಾರತದಲ್ಲೇ ಮೊದಲನೆಯದೆನ್ನಲಾದ ಕುರಿಮರಿಯೊಂದನ್ನು ಪಡೆದಿರುವುದಾಗಿ ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು 2025ರ ಮೇ ತಿಂಗಳಿನಲ್ಲಿ ಪ್ರಕಟಿಸಿದರು. ಸ್ನಾಯು ಸುಮಾರು ಶೇಕಡ 30ರಷ್ಟು ಹೆಚ್ಚುವುದೆಂದೂ, ಅನ್ಯಜೀವಿಯ ಡಿಎನ್‌ಎ ಅದರಲ್ಲಿ ಸೇರಿಲ್ಲವೆಂದೂ, ಯೂರೋಪಿನ ಕೆಲವು ತಳಿಗಳಲ್ಲಿ ನಿಸರ್ಗವೇ ಮಾಡಿರುವ ಮಾರ್ಪಾಟು ಇದೆಂದೂ ಸಮರ್ಥಕರು ಹೇಳುತ್ತಾರೆ. ಈ ಕಡೆಯ ಮಾತನ್ನು ಅಭಯವಚನವೆಂದು ಸ್ವೀಕರಿಸಲು ನಾನು ಸಿದ್ಧನಿಲ್ಲ.

ಬೆಲ್ಜಿಯನ್ ಬ್ಲೂ ತಳಿಯನ್ನು ನೋಡಿ. ಇದೇ ವಂಶವಾಹಿಯಲ್ಲಿ 11 ಜೋಡಿ ಪ್ರತ್ಯಾಮ್ಲಗಳು ತಾವಾಗಿಯೇ ಲುಪ್ತವಾಗಿರುವ ಆ ದನಗಳಲ್ಲಿ, ಮಾಂಸಕ್ಕಾಗಿ ದಶಕಗಳ ಕಾಲ ನಡೆದ ಆಯ್ಕೆಯ ಫಲವಾಗಿ ಕರುವಿನ ಗಾತ್ರವು ತಾಯಿಯ ಜನನಮಾರ್ಗವನ್ನು ಮೀರಿ, ಶೇಕಡ 90ಕ್ಕಿಂತ ಹೆಚ್ಚು ಪ್ರಸವಗಳು ಶಸ್ತ್ರಕ್ರಿಯೆಯಿಂದಲೇ ಆಗುತ್ತವೆ. ನಿಂತ ಹಸುವಿನ ಎಡಪಕ್ಕೆಯ ಕೂದಲನ್ನು ಬೋಳಿಸಿ, ಅಲ್ಲಿಗಷ್ಟೇ ಮರಗಟ್ಟಿಸುವ ಮದ್ದನ್ನು ಚುಚ್ಚಿ, ಚರ್ಮವನ್ನೂ ಸ್ನಾಯುವನ್ನೂ ಗರ್ಭಕೋಶವನ್ನೂ ಕ್ರಮವಾಗಿ ಸೀಳಿ ಕರುವನ್ನು ಹೊರಗೆಳೆಯುತ್ತಾರೆ. ಮುಂದಿನ ಗಬ್ಬಕ್ಕೆ ಮತ್ತೆ ಅದೇ ಪಕ್ಕೆ, ಅದೇ ಕತ್ತಿ. 2015ರಲ್ಲಿ ಕೊರಿಯ ಮತ್ತು ಚೀನದ ವಿಜ್ಞಾನಿಗಳು ಈ ವಂಶವಾಹಿಯನ್ನು ಮುರಿದು ತದ್ರೂಪಿ ಸೃಷ್ಟಿಯಿಂದ ಪಡೆದ 32 ಹಂದಿಮರಿಗಳಲ್ಲಿ 8 ತಿಂಗಳು ಬದುಕಿದವು 13 ಮಾತ್ರ, ಆರೋಗ್ಯವಾಗಿದ್ದುದು ಒಂದೇ ಒಂದು. ತದ್ರೂಪಿ ಸೃಷ್ಟಿಯ ದೋಷವೂ ಅದರಲ್ಲಿ ಬೆರೆತಿರಬಹುದೆಂಬುದನ್ನು ಒಪ್ಪುತ್ತೇನೆ.

ಕಾಶ್ಮೀರದ ಪೀರ್ ಪಂಜಾಲ್ ಬೆಟ್ಟಸಾಲಿನ ಕಣಿವೆಗಳನ್ನು ದಾಟುವ ಅಲೆಮಾರಿ ಬಕರವಾಲನ ಕುರಿಯಾಗಲಿ, ನಮ್ಮ ಬಯಲುಸೀಮೆಯಲ್ಲಿ ಹೊಲದಿಂದ ಹೊಲಕ್ಕೆ ಮಂದೆ ತರುಬುತ್ತ ಅಲೆಯುವ ಕುರುಬನ ಕುರಿಯಾಗಲಿ, ಎಷ್ಟೋ ಸಲ ಈಯುವುದು ದಾರಿಯ ಬದಿಯಲ್ಲಿ. ಈಗಷ್ಟೇ ಹುಟ್ಟಿದ, ಮೈ ಇನ್ನೂ ಒದ್ದೆಯಾಗಿರುವ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಹೆಗಲಿಗೇರಿಸಿ ಕತ್ತಲಾಗುವುದರೊಳಗೆ ಬೀಡು ಸೇರಬೇಕಾದವನು ಶಸ್ತ್ರವೈದ್ಯನನ್ನು ಎಲ್ಲಿಂದ ಕರೆಸಿಯಾನು?

ಸಂಶೋಧನೆಯೇ ಕೂಡದೆಂಬುದು ನನ್ನ ವಾದವಲ್ಲ; ವಂಶವಾಹಿ ತಿದ್ದಿ ರೋಗಕ್ಕೆ ಜಗ್ಗದಂತೆ ಮಾಡಿದ ಹಂದಿಯನ್ನು ಅಮೆರಿಕ 2025ರಲ್ಲಿ ಅಂಗೀಕರಿಸಿದಾಗ, ಆ ತಿದ್ದುಪಡಿಯಿಂದ ಪ್ರಾಣಿಗೂ ಹಿತವಿತ್ತು. ಮಾಂಸಕ್ಕಾಗಿ ಮಾಡುವ ತಿದ್ದುಪಡಿಯಲ್ಲಿ ಅಂಥ ಹಿತವೇನೂ ನನಗೆ ಕಾಣದು. ಅನ್ಯ ಡಿಎನ್‌ಎ ಸೇರದ, ವಂಶವಾಹಿ ತಿದ್ದಿದ ಸಸ್ಯಗಳಿಗೆ ಕೇಂದ್ರ ಸರ್ಕಾರ 2022ರಲ್ಲಿ ನಿಯಮಗಳನ್ನು ಸಡಿಲಿಸಿದೆ. ಆ ಸಡಿಲಿಕೆಯನ್ನು ಪಶುಗಳಿಗೂ ವಿಸ್ತರಿಸುವುದು ಅನ್ಯಾಯ, ಏಕೆಂದರೆ ಭತ್ತದ ಪೈರಿಗೆ ಪ್ರಸವವೇದನೆಯಿಲ್ಲ. ತಿದ್ದಿದ ಕುರಿಯ ಮಗಳೂ ಮೊಮ್ಮಗಳೂ ಯಾರ ನೆರವಿಲ್ಲದೆ ಈದು ಮರಿಗೆ ಹಾಲೂಡಿಸಿದುದನ್ನು ಹೊರಗಿನ ಪಶುವೈದ್ಯರು ಕಣ್ಣಾರೆ ಕಂಡು ಬರೆದ ದಾಖಲೆ ಸಾರ್ವಜನಿಕರ ಮುಂದೆ ಬರುವವರೆಗೆ, ಅಂಥ ಒಂದು ಟಗರನ್ನೂ ವಿಶ್ವವಿದ್ಯಾಲಯದ ಬೇಲಿಯಾಚೆ ಬಿಡಕೂಡದು.