ಬಂಧನಕ್ಕೆ ಬ್ರೇಕಿಂಗ್, ಕೋರ್ಟ್ ಆದೇಶಕ್ಕೆ ಸ್ಕ್ರೋಲಿಂಗ್: ಕೆಪಿಎಲ್ ಕೇಸ್‌ನಲ್ಲಿ ಟಿವಿ ಹೇಳದೆ ಬಿಟ್ಟಿದ್ದೇನು?

ಕೆಪಿಎಲ್ ಫಿಕ್ಸಿಂಗ್ ಕೇಸ್ ಕೊನೆಗೆ ಏನಾಯ್ತು? ಹೋಟೆಲ್‌ನಲ್ಲಿ ಟೀ ಕುಡಿಯುತ್ತಾ ಕೂತವರನ್ನು ಕೇಳಿದರೆ ಎರಡು ಉತ್ತರ ಸಿಗುತ್ತದೆ. 'ಎಲ್ಲ ಒಳಗೆ ಹೋದ್ರಲ್ಲ, ಟಿವಿಯಲ್ಲೇ ತೋರಿಸಿದ್ರು' ಅಂತ ಕೆಲವರು. 'ಕ್ಲೀನ್ ಚಿಟ್ ಸಿಕ್ತು, ಸುಮ್ನೆ ಹಿಡಿದಿದ್ರು' ಅಂತ ಇನ್ನು ಕೆಲವರು. ಎರಡೂ ಸರಿಯಲ್ಲ. ಬಂಧನ ಆಗಿದ್ದು ನಿಜ, ಆದರೆ ಅಪರಾಧ ಸಾಬೀತಾಗಿಲ್ಲ. ಹೈಕೋರ್ಟ್ ಕೇಸ್ ರದ್ದು ಮಾಡಿದ್ದೂ ನಿಜ, ಆದರೆ 'ಇವರು ಏನೂ ಮಾಡಿಲ್ಲ' ಅಂತ ಅದು ಹೇಳಿಲ್ಲ.

ಇಷ್ಟು ದೊಡ್ಡ ಸುದ್ದಿಯನ್ನು ದಿನಗಟ್ಟಲೆ ನೋಡಿದ ಜನರಿಗೆ ಅದರ ಕೊನೆ ಗೊತ್ತಿಲ್ಲ ಅಂದರೆ ತಪ್ಪು ಜನರದ್ದು ಮಾತ್ರ ಅಲ್ಲ. ಹೆಸರಾಂತ ಆಟಗಾರನ ಬಂಧನವನ್ನು ನಮ್ಮ ಸುದ್ದಿ ಚಾನೆಲ್‌ಗಳು ತೋರಿಸುವ ರೀತಿಯಲ್ಲೇ ಈ ಗೊಂದಲದ ಬೇರು ಇದೆ.

2019ರ ನವೆಂಬರ್ 7

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಬಳ್ಳಾರಿ, ಬೆಳಗಾವಿ, ಶಿವಮೊಗ್ಗ, ಬಿಜಾಪುರ. ಊರಿನ ಹೆಸರು ಹೊತ್ತ ಏಳು ತಂಡಗಳು 2019ರ ಕರ್ನಾಟಕ ಪ್ರೀಮಿಯರ್ ಲೀಗ್ ಆಡಿದವು. ಆಗಸ್ಟ್ 31ರಂದು ಮೈಸೂರಿನಲ್ಲಿ ನಡೆದ ಫೈನಲ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ ತಂಡ ಬಳ್ಳಾರಿ ಟಸ್ಕರ್ಸ್ ಮೇಲೆ 8 ರನ್‌ಗಳಿಂದ ಗೆದ್ದಿತು. ರೋಚಕ ಮ್ಯಾಚ್ ಅಂತ ಜನ ಖುಷಿಪಟ್ಟರು.

ಎರಡು ತಿಂಗಳು ಕಳೆದು ನವೆಂಬರ್ 7ರಂದು ಬೆಂಗಳೂರು ಸಿಸಿಬಿ ಪೊಲೀಸರು ಬಳ್ಳಾರಿ ತಂಡದ ನಾಯಕ ಸಿ.ಎಂ. ಗೌತಮ್ ಮತ್ತು ಅದೇ ತಂಡದ ಅಬ್ರಾರ್ ಖಾಜಿ ಅವರನ್ನು ಬಂಧಿಸಿದರು. ಫೈನಲ್‌ನಲ್ಲಿ ನಿಧಾನವಾಗಿ ಬ್ಯಾಟಿಂಗ್ ಮಾಡಲು 20 ಲಕ್ಷ ರೂಪಾಯಿ ಪಡೆದಿದ್ದರು ಅನ್ನೋದು ಪೊಲೀಸರ ಆರೋಪ. ಬೆಳಗಾವಿ ತಂಡದ ಮಾಲೀಕನ ಬಂಧನ ಅದಕ್ಕೂ ಮೊದಲೇ, ಸೆಪ್ಟೆಂಬರ್‌ನಲ್ಲಿ ಆಗಿತ್ತು.

ಗೌತಮ್ ಸಣ್ಣ ಹೆಸರೇನಲ್ಲ. ವರ್ಷಗಟ್ಟಲೆ ರಣಜಿಯಲ್ಲಿ ಕರ್ನಾಟಕದ ವಿಕೆಟ್ ಕೀಪರ್, ಐಪಿಎಲ್ ತಂಡಗಳಲ್ಲೂ ಇದ್ದವರು. ಆ ಹೊತ್ತಿಗೆ ಅವರು ಗೋವಾ ತಂಡಕ್ಕೆ, ಖಾಜಿ ಮಿಜೋರಾಂ ತಂಡಕ್ಕೆ ಹೋಗಿದ್ದರು. ಮರುದಿನವೇ ಸೈಯದ್ ಮುಷ್ತಾಕ್ ಅಲಿ ಟೂರ್ನಿ ಶುರು. ಆಡಬೇಕಿದ್ದವರು ಕಸ್ಟಡಿಯಲ್ಲಿದ್ದರು. ಗೋವಾ ಮತ್ತು ಮಿಜೋರಾಂ ಸಂಸ್ಥೆಗಳು ಕೂಡಲೇ ಅವರ ಒಪ್ಪಂದ ಕೈಬಿಟ್ಟವು.

ಕ್ರಿಕೆಟ್, ದುಡ್ಡು, ಬುಕ್ಕಿ, ಪೊಲೀಸ್. ಚಾನೆಲ್‌ಗೆ ಬೇಕಾದ ಎಲ್ಲವೂ ಈ ಸುದ್ದಿಯಲ್ಲಿತ್ತು.

ಬಂಧನದ ದಿನ ಒಂದೇ ಕಡೆಯ ಮಾತು

ಟಿವಿಗೆ ದೃಶ್ಯ ಬೇಕು. ಬಂಧನದ ದಿನ ದೃಶ್ಯ ಧಾರಾಳ: ಪೊಲೀಸ್ ಜೀಪ್, ಮುಖ ಮುಚ್ಚಿಕೊಂಡು ಇಳಿಯುವ ಆರೋಪಿ, ಅಧಿಕಾರಿಯ ಪ್ರೆಸ್‌ಮೀಟ್, ಹಳೇ ಮ್ಯಾಚಿನ ತುಣುಕು. ಅದನ್ನೇ ಹತ್ತು ಸಲ, ಇಪ್ಪತ್ತು ಸಲ ತಿರುಗಿಸಿ ತೋರಿಸಬಹುದು.

ಆದರೆ ಆ ದಿನ ಮಾತಾಡುವ ಸ್ಥಿತಿಯಲ್ಲಿ ಇರೋದು ಪೊಲೀಸರು ಮಾತ್ರ. ಆರೋಪಿ ಕಸ್ಟಡಿಯಲ್ಲಿ ಇರ್ತಾನೆ. ವಕೀಲರ ಕೈಗೆ ಪೂರ್ತಿ ಕಾಗದ ಸಿಕ್ಕಿರಲ್ಲ. ಮನೆಯವರು ಬಾಗಿಲು ಹಾಕಿಕೊಂಡಿರ್ತಾರೆ. ಹೀಗಾಗಿ ಚಾನೆಲ್ ಒಂದು ಸುಳ್ಳನ್ನೂ ಹೇಳದಿದ್ದರೂ ಸುದ್ದಿ ಒಂದು ಕಡೆಗೆ ವಾಲಿರುತ್ತದೆ. 'ಆರೋಪ' ಅನ್ನೋ ಪದ ಮೊದಲ ಬುಲೆಟಿನ್‌ನಲ್ಲಿ ಇರುತ್ತದೆ, ಸಂಜೆಯ ಚರ್ಚೆಗೆ ಬರೋ ಹೊತ್ತಿಗೆ ಉದುರಿ ಹೋಗಿರುತ್ತದೆ.

ಇನ್ನೊಂದು ಪದ 'ತಪ್ಪೊಪ್ಪಿಗೆ'. 'ವಿಚಾರಣೆ ವೇಳೆ ಬಾಯಿಬಿಟ್ಟ ಆಟಗಾರ' ಅಂತ ಕೆಳಗೆ ಪಟ್ಟಿ ಓಡುತ್ತದೆ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಸಾಮಾನ್ಯ ಕೇಸಿನಲ್ಲಿ ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವ ಹಾಗಿಲ್ಲ. ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯಲ್ಲೂ ಹೀಗೇ ಇತ್ತು, ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಹೀಗೇ ಇದೆ. ಕೋರ್ಟಿನಲ್ಲಿ ನಿಲ್ಲದ ಮಾತು ಟಿವಿಯಲ್ಲಿ ಅಂತಿಮ ತೀರ್ಪಿನ ಹಾಗೆ ಕೇಳಿಸುತ್ತದೆ.

ಒಂದು ಟವೆಲ್‌ನ ಕಥೆ

ಇದು ಕನ್ನಡ ಚಾನೆಲ್‌ಗಳ ಹೊಸ ಚಾಳಿ ಏನಲ್ಲ. 2013ರ ಮೇ 16ರಂದು ದೆಹಲಿ ಪೊಲೀಸರು ಮುಂಬೈನಲ್ಲಿ ಕೇರಳದ ವೇಗಿ ಎಸ್. ಶ್ರೀಶಾಂತ್ ಮತ್ತು ರಾಜಸ್ಥಾನ್ ರಾಯಲ್ಸ್ ತಂಡದ ಇನ್ನಿಬ್ಬರು ಆಟಗಾರರನ್ನು ಬಂಧಿಸಿದರು. 2007ರ ಟಿ20 ವಿಶ್ವಕಪ್ ಫೈನಲ್‌ನಲ್ಲಿ ಮಿಸ್ಬಾ ಹೊಡೆದ ಚೆಂಡನ್ನು ಕ್ಯಾಚ್ ಹಿಡಿದು ದೇಶವನ್ನೇ ಕುಣಿಸಿದ್ದು ಇದೇ ಶ್ರೀಶಾಂತ್.

ಸೊಂಟಕ್ಕೆ ಟವೆಲ್ ಸಿಕ್ಕಿಸಿಕೊಂಡಿದ್ದೇ ಬುಕ್ಕಿಗಳಿಗೆ ಕೊಟ್ಟ ಸಿಗ್ನಲ್ ಅಂತ ಪೊಲೀಸರು ಹೇಳಿದರು. ಮುಗೀತು. ದೇಶದ ಎಲ್ಲ ಭಾಷೆಯ ಚಾನೆಲ್‌ಗಳಲ್ಲೂ ಆ ಟವೆಲ್ ದೃಶ್ಯ ಓಡಿತು, ಸ್ಲೋ ಮೋಷನ್‌ನಲ್ಲಿ, ಸುತ್ತ ಕೆಂಪು ವೃತ್ತ ಹಾಕಿ. ಬೌಲರ್‌ಗಳು ಬೆವರು ಒರೆಸಲು ಟವೆಲ್ ಇಟ್ಟುಕೊಳ್ಳೋದು ಹೊಸದೇನಲ್ಲ. ಆದರೂ ಅದೇ ದೃಶ್ಯವನ್ನು ನೂರು ಸಲ ನೋಡಿದವನಿಗೆ ಟವೆಲ್ ಕಂಡ ಕೂಡಲೇ ಮೋಸ ಕಾಣಿಸತೊಡಗುತ್ತದೆ.

ಶ್ರೀಶಾಂತ್ ಮೇಲೆ ಸಂಘಟಿತ ಅಪರಾಧದ ಕಠಿಣ ಕಾಯ್ದೆ ಮೋಕಾ ಹಾಕಲಾಯಿತು. ಜೂನ್‌ನಲ್ಲಿ ತಿಹಾರ್ ಜೈಲಿನಿಂದ ಜಾಮೀನು ಸಿಕ್ಕಿತು. 2015ರ ಜುಲೈ 25ರಂದು ದೆಹಲಿಯ ವಿಶೇಷ ಕೋರ್ಟ್ ಅವರನ್ನೂ ಸೇರಿ 36 ಆರೋಪಿಗಳನ್ನು ಆರೋಪದಿಂದ ಮುಕ್ತಗೊಳಿಸಿತು. ವಿಚಾರಣೆ ನಡೆಸಿ ಕೊಟ್ಟ ತೀರ್ಪಲ್ಲ ಇದು. ವಿಚಾರಣೆ ನಡೆಸುವಷ್ಟು ಆಧಾರವೇ ಇಲ್ಲ ಅಂತ ಆ ಹಂತದಲ್ಲೇ ನಿಲ್ಲಿಸಿತು.

ಅಲ್ಲಿಗೂ ಕಥೆ ಮುಗಿಯಲಿಲ್ಲ. ಬಿಸಿಸಿಐ ಹಾಕಿದ್ದ ಆಜೀವ ನಿಷೇಧ ಹಾಗೇ ಉಳಿಯಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಶಿಸ್ತು ಸಮಿತಿ ತಪ್ಪು ಕಂಡುಕೊಂಡಿದ್ದನ್ನು ಒಪ್ಪಿತು, ಆದರೆ ಜೀವನಪೂರ್ತಿ ನಿಷೇಧ ಅತಿಯಾಯಿತು, ಮರುಪರಿಶೀಲಿಸಿ ಅಂದಿತು. ನಿಷೇಧ ಏಳು ವರ್ಷಕ್ಕೆ ಇಳಿದು 2020ರ ಸೆಪ್ಟೆಂಬರ್‌ಗೆ ಮುಗಿಯಿತು. 2021ರ ಜನವರಿಯಲ್ಲಿ ಅವರು ಮತ್ತೆ ಕೇರಳ ಪರ ಬೌಲಿಂಗ್ ಮಾಡಿದಾಗ ವಯಸ್ಸು 37. ನಡುವೆ ನಮ್ಮವರು ಅವರನ್ನು 'ಕೆಂಪೇಗೌಡ 2' ಸಿನಿಮಾದಲ್ಲಿ ನೋಡಿದ್ದೂ ಉಂಟು.

ಅಂದರೆ ಒಬ್ಬನೇ ಮನುಷ್ಯ, ಒಂದೇ ಘಟನೆ. ಕ್ರಿಮಿನಲ್ ಕೋರ್ಟ್‌ನಲ್ಲಿ ಒಂದು ಉತ್ತರ, ಕ್ರಿಕೆಟ್ ಮಂಡಳಿಯಲ್ಲಿ ಇನ್ನೊಂದು ಉತ್ತರ. ಇವೆರಡೂ ಬೇರೆ ಬೇರೆ ಲೆಕ್ಕ ಅನ್ನೋದನ್ನು ವಿವರಿಸಲು ಟಿವಿಯಲ್ಲಿ ಐದು ನಿಮಿಷ ಸಾಕು. ಟವೆಲ್‌ಗೆ ಸಿಕ್ಕ ಹೊತ್ತಿನಲ್ಲಿ ಆ ಐದು ನಿಮಿಷ ಸಿಗಲಿಲ್ಲ.

ಹೈಕೋರ್ಟ್ ಹೇಳಿದ್ದು ಏನು?

ಈಗ ನಮ್ಮ ಕೆಪಿಎಲ್ ಕೇಸಿಗೆ ಬರೋಣ. ಪೊಲೀಸರು ವಂಚನೆ ಆರೋಪದ ಮೇಲೆ, ಅಂದರೆ ಆಗಿನ ಐಪಿಸಿ 420ನೇ ಸೆಕ್ಷನ್ ಅಡಿ ಚಾರ್ಜ್‌ಶೀಟ್ ಹಾಕಿದ್ದರು. ಆರೋಪಿಗಳು ಹೈಕೋರ್ಟ್‌ಗೆ ಹೋದರು. 2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಕೇಸ್ ರದ್ದು ಮಾಡಿತು.

ಕಾರಣ ತಿಳಿಯೋದು ಮುಖ್ಯ. ಅಂಗಡಿ ಲೆಕ್ಕದಲ್ಲೇ ಹೇಳಬಹುದು. ಕಲಬೆರಕೆ ಎಣ್ಣೆಯನ್ನು ಅಸಲಿ ಅಂತ ನಂಬಿಸಿ ದುಡ್ಡು ತಗೊಂಡರೆ 420. ನಂಬಿಸಬೇಕು, ಆ ನಂಬಿಕೆಯ ಮೇಲೆ ಎದುರಿನವನು ದುಡ್ಡೋ ವಸ್ತುವೋ ಕೊಡಬೇಕು. ಪ್ರೇಕ್ಷಕರು ಒಳ್ಳೇ ಆಟ ನಡೆಯುತ್ತೆ ಅಂತ ನಂಬಿ ಟಿಕೆಟ್ ತಗೊಂಡು ಮೋಸಹೋದರು ಅಂತ ಸರ್ಕಾರದ ವಕೀಲರು ವಾದಿಸಿದರು. ಜನ ತಾವಾಗಿಯೇ ಟಿಕೆಟ್ ತಗೊಳ್ತಾರೆ, ಆಟಗಾರ ಅವರನ್ನು ಪುಸಲಾಯಿಸಿ ದುಡ್ಡು ಕೊಡಿಸಿದ ಅನ್ನೋದು ಇಲ್ಲಿ ಇಲ್ಲ, ಹಾಗಾಗಿ 420 ನಿಲ್ಲಲ್ಲ ಅಂತ ಕೋರ್ಟ್ ಹೇಳಿತು.

ಅದೇ ಆದೇಶದಲ್ಲಿ ಇನ್ನೊಂದು ಮಾತೂ ಇದೆ. ಮ್ಯಾಚ್ ಫಿಕ್ಸಿಂಗ್ ಆಟಗಾರನ ಅಪ್ರಾಮಾಣಿಕತೆ, ಅಶಿಸ್ತು ಮತ್ತು ಮಾನಸಿಕ ಭ್ರಷ್ಟತೆಯನ್ನು ತೋರಿಸಬಹುದು, ಅದಕ್ಕೆ ಶಿಸ್ತುಕ್ರಮ ತಗೊಳ್ಳುವ ಅಧಿಕಾರ ಬಿಸಿಸಿಐಗೆ ಇದೆ ಅಂತ ಕೋರ್ಟ್ ಹೇಳಿದೆ. ಇವರು ಫಿಕ್ಸಿಂಗ್ ಮಾಡಿದ್ದರೋ ಇಲ್ಲವೋ ಅನ್ನೋದು ಅಲ್ಲಿ ತೀರ್ಮಾನವೇ ಆಗಲಿಲ್ಲ. ಮಾಡಿದ್ದರೂ ಆ ಸೆಕ್ಷನ್‌ಗೆ ಬರಲ್ಲ ಅನ್ನೋದಷ್ಟೇ ತೀರ್ಮಾನ. ಇದು 'ಕ್ಲೀನ್ ಚಿಟ್' ಹೇಗಾದೀತು?

ರಾಜ್ಯ ಸರ್ಕಾರ ಈ ಆದೇಶವನ್ನು ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನಿಸಿದೆ. ಫಿಕ್ಸಿಂಗ್ ವಂಚನೆಯೇ ಅಂತ ಬಿಸಿಸಿಐ ಕೂಡ ಅಲ್ಲಿ ವಾದ ಮುಂದಿಟ್ಟಿದೆ.

ಅಸಲಿ ಸುದ್ದಿ ಇರೋದು ಇಲ್ಲಿ. ನಮ್ಮ ದೇಶದಲ್ಲಿ ಫಿಕ್ಸಿಂಗ್‌ಗೆ ಅಂತಲೇ ಒಂದು ಕಾನೂನು ಇಲ್ಲ. ಶ್ರೀಶಾಂತ್ ಪ್ರಕರಣದ ನಂತರ 2013ರಲ್ಲಿ ಕ್ರೀಡಾ ವಂಚನೆ ತಡೆ ಮಸೂದೆಯ ಕರಡು ತಯಾರಾಯಿತು, ಕಾಯ್ದೆ ಆಗಲಿಲ್ಲ. 2018ರ ಜುಲೈನಲ್ಲಿ ಕಾನೂನು ಆಯೋಗ ತನ್ನ 276ನೇ ವರದಿಯಲ್ಲಿ ಫಿಕ್ಸಿಂಗ್ ಅನ್ನು ಪ್ರತ್ಯೇಕ ಅಪರಾಧ ಮಾಡಿ ಕಠಿಣ ಶಿಕ್ಷೆ ಇಡಿ ಅಂತ ಶಿಫಾರಸು ಮಾಡಿತು. ಮರುವರ್ಷವೇ ಕೆಪಿಎಲ್ ಬಂಧನ. ಪೊಲೀಸರ ಕೈಗೆ ಸಿಕ್ಕಿದ್ದು ಹಳೇ 420. ಬಂಧನದ ದಿನವೇ ಯಾವುದಾದರೂ ಚಾನೆಲ್ 'ಈ ಸೆಕ್ಷನ್ ಕೋರ್ಟಲ್ಲಿ ನಿಲ್ಲುತ್ತಾ?' ಅಂತ ಒಬ್ಬ ವಕೀಲರನ್ನು ಕೂರಿಸಿ ಗಟ್ಟಿಯಾಗಿ ಕೇಳಿದ್ದರೆ ನೋಡುಗರಿಗೆ ನಿಜವಾದ ಉಪಯೋಗ ಆಗುತ್ತಿತ್ತು. ಆಟಗಾರ ಎಷ್ಟು ದುಡ್ಡು ತಗೊಂಡ ಅನ್ನೋದರಷ್ಟೇ ದೊಡ್ಡ ಪ್ರಶ್ನೆ ಅದು.

ನಷ್ಟ ಯಾರಿಗೆ?

ಆರೋಪ ನಿಜವಾಗಿದ್ದರೆ ಮೋಸ ಹೋಗಿದ್ದು ಬಿಸಿಲಲ್ಲಿ ಕೂತು ನೋಡಿದ ಪ್ರೇಕ್ಷಕ. ಸುಳ್ಳಾಗಿದ್ದರೆ ಹಾಳಾಗಿದ್ದು ಆಟಗಾರರ ಬದುಕು. ಇಷ್ಟು ವರ್ಷವಾದರೂ ಯಾವುದು ಅಂತ ಖಚಿತವಾಗಿ ಹೇಳುವ ತೀರ್ಪು ಇಲ್ಲ. ಇಬ್ಬರಿಗೂ ನ್ಯಾಯ ಸಿಕ್ಕಿಲ್ಲ.

ಮೂರನೆಯವರೂ ಇದ್ದಾರೆ: ತಾಲ್ಲೂಕು ಮೈದಾನದಲ್ಲಿ ಮ್ಯಾಟ್ ಹಾಕಿ ಆಡುವ ಹುಡುಗರು. ಬೆಂಗಳೂರಿನ ಕ್ಲಬ್ ಹಿಡಿಯದೆ ಹೆಸರು ಮಾಡಲು ಅವರಿಗೆ ಕೆಪಿಎಲ್ ಒಂದು ದಾರಿಯಾಗಿತ್ತು. 2019ರ ನಂತರ ಆ ಹೆಸರಿನ ಲೀಗ್ ಮತ್ತೆ ನಡೆಯಲೇ ಇಲ್ಲ. ನಡುವೆ ಕೊರೊನಾವೂ ಬಂತು. 2022ರಲ್ಲಿ ಮಹಾರಾಜ ಟ್ರೋಫಿ ಶುರುವಾಗುವವರೆಗೆ ಆ ವೇದಿಕೆ ಖಾಲಿ. ಕೆಲವರಿಗೆ ಆ ಮೂರು ವರ್ಷವೇ ಆಡುವ ವಯಸ್ಸು. ಈ ನಷ್ಟ ಪ್ರೈಮ್ ಟೈಮ್ ಚರ್ಚೆಗೆ ಬರುವ ವಿಷಯ ಆಗಲಿಲ್ಲ.

ನಮ್ಮ ಬೀದಿಗೂ ಇದೇ ಲೆಕ್ಕ

ಸ್ಟಾರ್ ಆಟಗಾರನಿಗೆ ದೊಡ್ಡ ವಕೀಲರು ಸಿಗ್ತಾರೆ, ಸುಪ್ರೀಂ ಕೋರ್ಟ್‌ವರೆಗೂ ಹೋಗಬಹುದು. ತಾಲ್ಲೂಕಿನ ಅಂಗಡಿಯವರಿಗೆ ಆ ಶಕ್ತಿ ಇಲ್ಲ. ಐಪಿಎಲ್ ಸೀಸನ್‌ನಲ್ಲಿ ಬೆಟ್ಟಿಂಗ್ ದಾಳಿ, ಗೋದಾಮಿನ ಮೇಲೆ ರೇಷನ್ ಅಕ್ಕಿ ದಾಳಿ ಆದಾಗ ಮೊಬೈಲ್‌ನಲ್ಲಿ ತೆಗೆದ ವಿಡಿಯೋ ಅಂಗಡಿ ಬೋರ್ಡ್ ಸಮೇತ ಅರ್ಧ ಗಂಟೆಯಲ್ಲಿ ಊರೆಲ್ಲ ಸುತ್ತುತ್ತದೆ. ಎರಡು ವರ್ಷದ ಮೇಲೆ ಕೇಸ್ ಬಿದ್ದು ಹೋದರೆ ಅದರ ವಿಡಿಯೋ ಯಾರೂ ಮಾಡಲ್ಲ. ಸಾಲ ಕೊಡುವವರು, ಮಾಲು ಕೊಡುವ ಡೀಲರ್, ಹೆಣ್ಣು ಕೊಡುವವರು ನೆನಪಿಟ್ಟುಕೊಳ್ಳೋದು ಮೊದಲ ವಿಡಿಯೋವನ್ನೇ.

ಇದಕ್ಕೆ ಕಡಿವಾಣ ಹಾಕುವ ಪ್ರಯತ್ನ ಆಗಿದೆ. ಪೊಲೀಸರು ಮಾಧ್ಯಮಕ್ಕೆ ಯಾವಾಗ, ಎಷ್ಟು ಹೇಳಬೇಕು ಅನ್ನೋದಕ್ಕೆ ಮಾರ್ಗಸೂಚಿ ಮಾಡಿ ಅಂತ 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೇಂದ್ರ ಗೃಹ ಸಚಿವಾಲಯಕ್ಕೆ ಹೇಳಿತು. ಮಾಧ್ಯಮ ವಿಚಾರಣೆಯಿಂದ ನ್ಯಾಯಕ್ಕೇ ಧಕ್ಕೆ ಅಂತಲೂ ಹೇಳಿತು. ಟಿವಿ ಸುದ್ದಿ ಬಗ್ಗೆ ಯಾರು ಬೇಕಾದರೂ ಚಾನೆಲ್‌ಗೆ ಬರವಣಿಗೆಯಲ್ಲಿ ದೂರು ಕೊಡಬಹುದು. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮದ ಪ್ರಕಾರ 15 ದಿನದಲ್ಲಿ ಚಾನೆಲ್ ಉತ್ತರ ಕೊಡಬೇಕು. ಉತ್ತರ ಸರಿ ಅನಿಸದಿದ್ದರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು.

ನೋಡುಗರ ಕೈಯಲ್ಲೂ ಕೆಲಸ ಇದೆ. ಮುಂದಿನ ಸಲ ಯಾವುದೋ ಆಟಗಾರನ ಬಂಧನ ಅಂತ ಕೆಂಪು ಪಟ್ಟಿ ಬಂದಾಗ ನಾಲ್ಕು ಪ್ರಶ್ನೆ ಕೇಳಿಕೊಂಡರೆ ಸಾಕು. ಹೇಳ್ತಿರೋದು ಪೊಲೀಸರೋ, ಕೋರ್ಟೋ? ಹಾಕಿರೋ ಸೆಕ್ಷನ್ ಯಾವುದು? ಆರೋಪಿ ಕಡೆಯವರ ಮಾತು ಬಂತಾ? ಹೊಸ ದೃಶ್ಯ ಇದೆಯಾ, ಬೆಳಗಿನದ್ದೇ ತಿರುಗ್ತಿದೆಯಾ? ನಾಲ್ಕಕ್ಕೂ ಉತ್ತರ ಸಿಗುವವರೆಗೆ ಆ ವಿಡಿಯೋ ಗ್ರೂಪ್‌ಗೆ ಹಾಕದೆ ಇದ್ದರೆ ಯಾರಿಗೂ ನಷ್ಟ ಇಲ್ಲ.

ಕೆಪಿಎಲ್ ಕೇಸ್ ಬಗ್ಗೆ ಸುಪ್ರೀಂ ಕೋರ್ಟ್ ಏನು ಹೇಳುತ್ತೋ ಅದು ದೇಶದ ಎಲ್ಲ ಆಟಗಾರರಿಗೂ ಅನ್ವಯ ಆಗುತ್ತದೆ. ಫಿಕ್ಸಿಂಗ್ ಜೈಲಿಗೆ ಕಳಿಸುವ ಅಪರಾಧವೋ, ಮಂಡಳಿ ನೋಡಿಕೊಳ್ಳುವ ಶಿಸ್ತಿನ ವಿಷಯವೋ ಅಂತ ಅಲ್ಲಿ ಗೊತ್ತಾಗಬೇಕು. ಬಂಧನವನ್ನು ಇಡೀ ದಿನ ತೋರಿಸಿದ ಚಾನೆಲ್‌ಗಳು ಆ ಮಾತಿಗೆ ಅರ್ಧ ಗಂಟೆ ಕೊಡುತ್ತವಾ ಅನ್ನೋದನ್ನೂ ನೋಡುಗರು ಗಮನಿಸಬೇಕು.