ಅದಿರಿನಿಂದ ಮಿಶ್ರಲೋಹದತ್ತ: ಬೇಲೆಕೇರಿ ಕಲಿಸಿದ ಪಾಠ

ಅಂಕೋಲಾ ತಾಲ್ಲೂಕಿನ ಬೇಲೆಕೇರಿ ಬಂದರು ನಾಡಿಗೆಲ್ಲ ಪರಿಚಿತವಾದುದು ಕಬ್ಬಿಣದ ಅದಿರಿನಿಂದ. 2010ರಲ್ಲಿ ಅಕ್ರಮ ಅದಿರಿನ ಪ್ರಕರಣ ಬಯಲಾಗಿ, ಅದೇ ವರ್ಷ ರಾಜ್ಯ ಸರ್ಕಾರವು ಅದಿರು ರಫ್ತನ್ನು ನಿಷೇಧಿಸಿದಾಗ ಅದನ್ನು ನಂಬಿದ್ದ ಸಾಗಣೆ ವ್ಯವಹಾರವೂ ನಿಂತಿತು. ಮಣ್ಣನ್ನು ಮಣ್ಣಾಗಿಯೇ ಮಾರುವ ವ್ಯಾಪಾರದಲ್ಲಿ ಊರಿಗೆ ಉಳಿಯುವುದು ಧೂಳು ಮಾತ್ರ. ವಿರಳ ಭೂಧಾತುಗಳ ವಿಷಯದಲ್ಲಿ ಈ ತಪ್ಪು ಮರುಕಳಿಸಬಾರದು.

ಯಂತ್ರಭಾಗಗಳ ರಚನೆಗೆ ಬಳಸುವ ಲೋಹಗಳಲ್ಲಿ ಮೆಗ್ನೀಸಿಯಂ ಅತ್ಯಂತ ಹಗುರವಾದುದು. ಘನ ಸೆಂಟಿಮೀಟರಿಗೆ ಅದರ ತೂಕ 1.74 ಗ್ರಾಂ, ಅಲ್ಯೂಮಿನಿಯಂನದು 2.7. ಆದರೆ ಕಾವೇರಿದಾಗ ಅದು ಮೆದುವಾಗುತ್ತದೆ. ಇಟ್ರಿಯಂ, ನಿಯೋಡೈಮಿಯಂಗಳನ್ನು ಬೆರೆಸಿದಾಗ ಲೋಹದೊಳಗೆ ಗಟ್ಟಿಯಾದ ಅಂತರ್ಲೋಹ ಸಂಯುಕ್ತಗಳ ಸೂಕ್ಷ್ಮ ಕಣಗಳು ಮೂಡಿ, ಕಾವಿನಲ್ಲಿಯೂ ಬಲವನ್ನು ಕಾಯ್ದುಕೊಳ್ಳುತ್ತವೆ. ಸುಮಾರು ಶೇ. 4ರಷ್ಟು ಇಟ್ರಿಯಂ ಇರುವ ಡಬ್ಲ್ಯೂಇ-43 ಮಿಶ್ರಲೋಹವು 250 ಡಿಗ್ರಿ ಸೆಲ್ಸಿಯಸ್‌ವರೆಗೂ ಬಳಕೆಗೆ ಯೋಗ್ಯವಾಗಿದ್ದು, ಹೆಲಿಕಾಪ್ಟರಿನ ಗೇರ್‌ಪೆಟ್ಟಿಗೆಗಳಲ್ಲಿ ಬಳಕೆಯಾಗುತ್ತಿದೆ. ದೇಹದಲ್ಲಿ ತಾನಾಗಿ ಕರಗುವ ಮೂಳೆ ಸ್ಕ್ರೂಗಳಿಗೆ 2013ರಲ್ಲಿಯೇ ಯುರೋಪಿನ ಮಾನ್ಯತೆ ದೊರೆತಿದೆ. ಲ್ಯಾಂಥನಂ-ಮೆಗ್ನೀಸಿಯಂ ಸಂಯುಕ್ತಗಳಲ್ಲಿ ಜಲಜನಕವನ್ನು ಹಿಡಿದಿಡುವ ಸಂಶೋಧನೆ ನಡೆದಿದೆ. ಉಂಡೆಗ್ರಾಫೈಟ್ ಬೀಡುಕಬ್ಬಿಣದ ಎರಕದಲ್ಲಿ ಮೆಗ್ನೀಸಿಯಂನೊಡನೆ ಅಲ್ಪ ಸೀರಿಯಂ ಸೇರಿಸುವುದಂತೂ ಎರಕದವರಿಗೆ ಹೊಸತಲ್ಲ.

2025ರ ಏಪ್ರಿಲ್‌ನಲ್ಲಿ ಚೀನಾ ಏಳು ವಿರಳ ಭೂಧಾತುಗಳ ರಫ್ತಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿತು. ಇಟ್ರಿಯಂ, ಗ್ಯಾಡೊಲಿನಿಯಂ ಎರಡೂ ಆ ಪಟ್ಟಿಯಲ್ಲಿವೆ. ಹಾಗೆಂದು ಕರಾವಳಿಯ ವರ್ತಕರು ಮರಳಿನ ಕನಸು ಕಾಣುವುದು ವ್ಯರ್ಥ; ಮೋನಜೈಟ್ ಪರಮಾಣು ಖನಿಜವಾದುದರಿಂದ ಖಾಸಗಿ ವ್ಯಾಪಾರಕ್ಕೆ ಒದಗದು. ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಂತಹ ಕಡೆ ಉಪ್ಪು ತೆಗೆದ ಬಳಿಕ ಉಳಿಯುವ ಕಹಿನೀರಿನಲ್ಲಿ ಮೆಗ್ನೀಸಿಯಂ ಇರುವುದು ನಿಜ. ಆದರೆ ಅದರಿಂದ ಲೋಹವನ್ನು ಪಡೆಯಲು ಬೇಕಾಗುವ ವಿದ್ಯುತ್ತು ಸಣ್ಣ ಉದ್ಯಮಿಯ ಶಕ್ತಿಗೆ ಮೀರಿದ್ದು.

ಸಣ್ಣ ಉದ್ಯಮಿಗೆ ನಿಲುಕುವುದು ಕೊನೆಯ ಹಂತ: ಮಿಶ್ರಲೋಹದ ಗಟ್ಟಿಯನ್ನು ಕೊಂಡು, ಕಡೆದು, ಲೇಪನ ನೀಡಿ, ಬಿಡಿಭಾಗವಾಗಿ ಮಾರುವುದು. ಇದರಲ್ಲಿ ಅಪಾಯವೂ ಉಂಟು. ಮೆಗ್ನೀಸಿಯಂ ಸಿಪ್ಪೆಗೆ ಬೆಂಕಿ ತಗುಲಿದರೆ ನೀರು ಹಾಕುವಂತಿಲ್ಲ. ಉಪ್ಪುಗಾಳಿಯೂ ಈ ಲೋಹದ ವೈರಿ. ಆದರೆ ಆ ಗಾಳಿಯೇ ಕಾರವಾರ-ಅಂಕೋಲಾ ತೀರಕ್ಕೆ ಬಂಡವಾಳವಾಗಬಲ್ಲದು. ತಮಿಳುನಾಡಿನ ಮಂಡಪಂನಲ್ಲಿರುವಂತೆ ಲೋಹಸವೆತದ ಪರೀಕ್ಷಾ ಕೇಂದ್ರವೊಂದು ಇಲ್ಲಿ ಸ್ಥಾಪನೆಯಾದರೆ, ಲೇಪನ ಉದ್ಯಮಕ್ಕೆ ಭದ್ರವಾದ ತಳಹದಿ ದೊರೆಯುವುದು. ವಾಣಿಜ್ಯ ಸಂಸ್ಥೆಗಳು ಸರ್ಕಾರದ ಮುಂದಿಡಬೇಕಾದ ಬೇಡಿಕೆ ಇದು. ಮತ್ತೊಂದು ಅದಿರು ಕಟ್ಟೆಯಲ್ಲ.